ಮನೆ ಹುಡುಕುವ ಮೊದಲು ಹಳದಿ ಬಸ್ಸಿನ ದಾರಿ ನೋಡಿ

ನೀವು "ಅಕ್ಕಾ" ಅಂತ ಪತ್ರ ಶುರು ಮಾಡಿದ್ದೀರಿ, ಹಾಗಾಗಿ ನಾನೂ ಸಲಿಗೆಯಿಂದಲೇ ಬರೆಯುತ್ತೇನೆ. ನೀವು ತುಮಕೂರಿನಿಂದ ಕೆನಡಾದ ಒಂಟಾರಿಯೊ ಪ್ರಾಂತ್ಯದ, ಟೊರೊಂಟೊ ಪಕ್ಕದ ಬ್ರಾಂಪ್ಟನ್‌ಗೆ ಬಂದು ಎಂಟು ತಿಂಗಳಾಗಿದೆ. ಈಗ ನಿಮ್ಮ ಯಜಮಾನರಿಗೆ ನಾವಿರುವ ಬ್ರೂಸ್ ಕೌಂಟಿಯ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಸಿಕ್ಕಿದೆ. ಮಗನಿಗೆ 13, ಮಗಳಿಗೆ ಬರುವ ನವೆಂಬರಿಗೆ 4. ಆ ಕಡೆ ಏನಿದೆ, ಶಾಲೆ ಹೇಗೆ, ನಾವು ಬ್ರಾಂಪ್ಟನ್‌ನಲ್ಲೇ ಇದ್ದು ಅವರು ವಾರಕ್ಕೊಮ್ಮೆ ಬಂದು ಹೋದರೆ ಆಗಲ್ವಾ ಅಂತ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಬೇಸಿಗೆಯಲ್ಲಿ ಎರಡೂವರೆ ಗಂಟೆಯ ದಾರಿ, ಏನೂ ಅನ್ನಿಸುವುದಿಲ್ಲ. ಜನವರಿಯಲ್ಲಿ ಅದೇ ದಾರಿ ಅರ್ಧದಲ್ಲೇ ಮುಚ್ಚುತ್ತದೆ. ಶುಕ್ರವಾರ ಸಂಜೆ ನೀವು ಕಿಟಕಿ ಪಕ್ಕ ಫೋನ್ ಹಿಡಿದು ಕೂತಿರುತ್ತೀರಿ, ಅವರು ಯಾವುದೋ ಊರಿನ ಕಾಫಿ ಅಂಗಡಿಯಲ್ಲಿ ರಸ್ತೆ ತೆರೆಯಲಿ ಅಂತ ಕಾಯುತ್ತಿರುತ್ತಾರೆ. ನಮ್ಮ ಪರಿಚಯದ ಎರಡು ಮನೆಯವರು ಹಾಗೆ ಮಾಡಿದರು. ಇಬ್ಬರೂ ಒಂದೇ ಚಳಿಗಾಲಕ್ಕೆ ಸುಸ್ತಾಗಿ ಇಲ್ಲಿಗೇ ಬಂದರು.

ಬಂದಮೇಲೆ ಎಲ್ಲಿ ಇರಬೇಕು ಅನ್ನುವುದೇ ದೊಡ್ಡ ವಿಷಯ. ಇಲ್ಲಿ ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹೊನ್ನಾವರದ ಕಡೆಯವಳು ನಾನು, ತೋಟದ ನಡುವೆ ಬೆಳೆದವಳು. ಬಾಡಿಗೆ ಕಮ್ಮಿ, ಸುತ್ತ ಹೊಲ, ಹಿಂದೆ ಹಳೇ ಕೊಟ್ಟಿಗೆ, ನೋಡಿದ ಕೂಡಲೇ ಮನಸ್ಸು ಸೋತಿತು. ಊರಿನಿಂದ 14 ಕಿ.ಮೀ. ದೂರದಲ್ಲಿ ಒಂದು ಫಾರ್ಮ್ ಮನೆ ಹಿಡಿದೆವು. ಡಿಸೆಂಬರ್ ಬಂತು. ಡ್ರೈವ್‌ವೇ ಉದ್ದಕ್ಕೆ ಹಿಮ, ತಳ್ಳಲು ಟ್ರ್ಯಾಕ್ಟರ್ ಇಲ್ಲ. ಬಾವಿ ನೀರಿನ ಪರೀಕ್ಷೆ ಮಾಡಿಸಬೇಕು ಅಂತಲೇ ಗೊತ್ತಿರಲಿಲ್ಲ, ಮನೆ ಮಾಲೀಕರೂ ಹೇಳಲಿಲ್ಲ. ಮಗಳಿಗೆ ಗೆಳತಿಯರ ಮನೆಗೆ ಹೋಗಬೇಕೆಂದರೆ ನಾನು ಕಾರು ತೆಗೆಯಬೇಕು, ನನಗೋ ಆಗ ಹಿಮದಲ್ಲಿ ಕಾರು ಓಡಿಸಲು ಧೈರ್ಯವಿಲ್ಲ. ಬೆಳಿಗ್ಗೆ ಕತ್ತಲಲ್ಲೇ ಮಗುವನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿಕೊಂಡು ಶಾಲೆಯ ಹಳದಿ ಬಸ್ಸಿಗೆ ಕಾಯುವಾಗ ಎಷ್ಟೋ ಸಲ ಅತ್ತಿದ್ದೇನೆ. ಮಾರನೇ ವರ್ಷ ಪೋರ್ಟ್ ಎಲ್ಗಿನ್ ಊರೊಳಗೆ ಬಂದೆವು. ಮನೆ ಚಿಕ್ಕದು, ಬಾಡಿಗೆ ಜಾಸ್ತಿ. ಆದರೆ ಶಾಲೆ ನಡೆದು ಹೋಗುವಷ್ಟು ಹತ್ತಿರ. ನಮ್ಮ ಬದುಕು ನಿಜವಾಗಿ ಶುರುವಾದದ್ದು ಅಲ್ಲಿಂದ.

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ, ಆದರೆ ಜಿಲ್ಲೆಯ ಜನಸಂಖ್ಯೆ ಅಂದುಕೊಳ್ಳಬೇಡಿ. 2021ರ ಜನಗಣತಿಯಲ್ಲಿ ಇಡೀ ಬ್ರೂಸ್ ಕೌಂಟಿಗೆ 73 ಸಾವಿರ ಚಿಲ್ಲರೆ ಜನ. ತುಮಕೂರಿನ ಒಂದೆರಡು ಬಡಾವಣೆಯಲ್ಲಿ ಅಷ್ಟು ಜನ ಸಿಕ್ಕಾರು. ಜಾಗ ಮಾತ್ರ ನಾಲ್ಕು ಸಾವಿರ ಚದರ ಕಿ.ಮೀ. ದಾಟುತ್ತದೆ. ಪಶ್ಚಿಮಕ್ಕೆ ಹ್ಯೂರಾನ್ ಸರೋವರ. ಸರೋವರ ಅಂತಾರೆ, ನಿಂತು ನೋಡಿದರೆ ಸಮುದ್ರವೇ. ಮೊದಲ ದಿನ ನಾನು ನೀರು ಬಾಯಿಗೆ ಹಾಕಿ ನೋಡಿದೆ, ಉಪ್ಪಿಲ್ಲ! ದಕ್ಷಿಣದಲ್ಲಿ ಸಮತಟ್ಟಾದ ಹೊಲಗಳು: ಮೆಕ್ಕೆಜೋಳ, ಸೋಯಾ, ಗೋಧಿ, ದನಗಳ ಫಾರ್ಮ್. ರಸ್ತೆಗಳು ಗೆರೆ ಎಳೆದ ಹಾಗೆ ನೇರ. ಉದ್ದದವು ಕನ್ಸೆಷನ್, ಅಡ್ಡದವು ಸೈಡ್‌ರೋಡ್. ಉತ್ತರಕ್ಕೆ ಹೋದಂತೆ ನೆಲ ಸಪೂರವಾಗಿ ಬ್ರೂಸ್ ಪೆನಿನ್ಸುಲಾ ಆಗುತ್ತದೆ, ಒಂದು ಕಡೆ ಹ್ಯೂರಾನ್, ಇನ್ನೊಂದು ಕಡೆ ಜಾರ್ಜಿಯನ್ ಬೇ. ಅಲ್ಲಿ ಬೇಸಾಯ ಕಮ್ಮಿ, ಸುಣ್ಣದ ಬಂಡೆ, ಕಾಡು. ತುದಿಯಲ್ಲಿ ಟೊಬರ್ಮೊರಿ. ನಯಾಗರ ಕಡೆಯಿಂದ ಸುಮಾರು 900 ಕಿ.ಮೀ. ಬರುವ ಬ್ರೂಸ್ ಟ್ರೇಲ್ ಎಂಬ ಕಾಲುದಾರಿ ಮುಗಿಯುವುದು ಅಲ್ಲೇ. ಬೇಸಿಗೆಯಲ್ಲಿ ಟೊರೊಂಟೊದವರೆಲ್ಲ ಅಲ್ಲಿರುತ್ತಾರೆ. ಚಳಿಗಾಲದಲ್ಲಿ ಊರಿಗೆ ಊರೇ ನಿದ್ದೆ.

ಹಿಮದ ಲೆಕ್ಕ ಅರ್ಥವಾಗಲು ಈ ಸರೋವರವನ್ನು ಅರ್ಥ ಮಾಡಿಕೊಳ್ಳಬೇಕು. ನೀರು ಇನ್ನೂ ಬೆಚ್ಚಗಿರುವಾಗ ಮೇಲಿಂದ ತಣ್ಣನೆಯ ಗಾಳಿ ಬೀಸುತ್ತದೆ, ತೇವ ಹೀರಿಕೊಂಡು ದಡಕ್ಕೆ ಬಂದು ಹಿಮ ಸುರಿಸುತ್ತದೆ. ಅದು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಇಲ್ಲಿ ಬಿಸಿಲು, ಹತ್ತು ಕಿ.ಮೀ. ಆಚೆ ಕಾರಿನ ಮುಂಭಾಗವೂ ಕಾಣದಷ್ಟು ಬಿಳಿ. ಇದಕ್ಕೆ ಸ್ಕ್ವಾಲ್ ಅನ್ನುತ್ತಾರೆ. ಬ್ರಾಂಪ್ಟನ್‌ನ ಹಿಮ ನೋಡಿ "ನಮಗೆ ಅಭ್ಯಾಸ ಆಗಿದೆ" ಅಂತ ಹೇಳಬೇಡಿ, ನಗುತ್ತಾರೆ.

ಹೆಸರುಗಳ ಕತೆ ಕೇಳಿದರೆ ನಿಮಗೂ ವಿಚಿತ್ರ ಅನ್ನಿಸಬಹುದು. ಈ ಕೌಂಟಿಗೆ ಹೆಸರು ಬಂದದ್ದು ಜೇಮ್ಸ್ ಬ್ರೂಸ್ ಅನ್ನುವವನಿಂದ, ಅಂದರೆ ಲಾರ್ಡ್ ಎಲ್ಗಿನ್. ಮೊದಲು ಕೆನಡಾದ ಗವರ್ನರ್ ಜನರಲ್, ಆಮೇಲೆ 1862ರಲ್ಲಿ ಇಂಡಿಯಾದ ವೈಸ್‌ರಾಯ್. ಮಾರನೇ ವರ್ಷ ಧರ್ಮಶಾಲಾದಲ್ಲಿ ತೀರಿಹೋದ, ಸಮಾಧಿ ಅಲ್ಲೇ ಇದೆ. ನಮ್ಮ ಪೋರ್ಟ್ ಎಲ್ಗಿನ್‌ಗೂ ಅವನದೇ ಹೆಸರು. ಕೌಂಟಿಯ ದಕ್ಷಿಣದಲ್ಲಿ ಲಕ್ನೋ ಅನ್ನುವ ಊರೇ ಇದೆ! 1857ರ ದಂಗೆಯ ಹೊತ್ತಿನ ಲಕ್ನೋದಿಂದ ಬಂದ ಹೆಸರು. ಮುಖ್ಯ ಬೀದಿ ಕ್ಯಾಂಬೆಲ್ ಸ್ಟ್ರೀಟ್, ಅದೂ ಆ ದಂಗೆಯ ಹೊತ್ತಿನ ಬ್ರಿಟಿಷ್ ಸೇನಾಪತಿಯ ಹೆಸರು. ಲಕ್ನೋ ಬಿರಿಯಾನಿ ಸಿಗುತ್ತಾ ಅಂತ ನಮ್ಮನೆಯವರು ತಮಾಷೆ ಮಾಡುತ್ತಾರೆ, ಸಿಗುವುದು ಟ್ರ್ಯಾಕ್ಟರ್ ಬಿಡಿಭಾಗ.

ಯಜಮಾನರ ಕೆಲಸದ ಜಾಗಕ್ಕೂ ನಮ್ಮ ಕಡೆಗೂ ನಂಟಿದೆ. ಆ ಆವರಣದಲ್ಲೇ ಡಗ್ಲಸ್ ಪಾಯಿಂಟ್ ಅನ್ನುವ ಹಳೆಯ ರಿಯಾಕ್ಟರ್ ಇತ್ತು. ಅದೇ ಮಾದರಿಯಲ್ಲಿ ರಾಜಸ್ಥಾನದ ಮೊದಲ ರಿಯಾಕ್ಟರ್ ಕಟ್ಟಿದರು. 1974ರ ಪೊಖ್ರಾನ್ ಪರೀಕ್ಷೆಯ ನಂತರ ಕೆನಡಾ ಕೈ ಬಿಟ್ಟಿತು, ನಮ್ಮವರು ಆ ಜಾತಿಯದನ್ನೇ ಸ್ವಂತವಾಗಿ ಬೆಳೆಸಿದರು. ನಮ್ಮ ಉತ್ತರ ಕನ್ನಡದ ಕೈಗಾ ಅದೇ ವಂಶದ್ದು. ಈಗ ಇಲ್ಲಿ 8 ರಿಯಾಕ್ಟರ್. ಒಂಟಾರಿಯೊದ ಕರೆಂಟಿನಲ್ಲಿ ಸುಮಾರು 30% ಇಲ್ಲಿಂದ. ಕಿಂಕಾರ್ಡಿನ್ ಮತ್ತು ಪೋರ್ಟ್ ಎಲ್ಗಿನ್ ನಡುವೆ ಸ್ಥಾವರ ಇದೆ. ಕೆಲಸಕ್ಕೆ ಬರುವವರು ಈ ಎರಡು ಊರುಗಳಲ್ಲೇ ಮನೆ ಹುಡುಕುತ್ತಾರೆ, ಬಾಡಿಗೆ ಏರಿರುವುದೂ ಅದಕ್ಕೇ.

ಜನ ಹೇಗೆ ಅಂತ ಕೇಳಿದ್ದೀರಿ. ಎಲ್ಲರೂ ಒಂದೇ ಥರದ "ಬಿಳಿಯರು" ಅಂತ ಮೊದಲು ನನಗೂ ಅನ್ನಿಸಿತ್ತು. ಅಲ್ಲ. ಕಿಂಕಾರ್ಡಿನ್ ಕಡೆ ಸ್ಕಾಟ್‌ಲೆಂಡ್ ಮೂಲದವರು ಜಾಸ್ತಿ. ಬೇಸಿಗೆಯ ಶನಿವಾರ ರಾತ್ರಿ ಪೈಪ್ ಬ್ಯಾಂಡ್ ಮುಖ್ಯ ಬೀದಿಯಲ್ಲಿ ಹೊರಡುತ್ತದೆ, ಊರವರೆಲ್ಲ ಹಿಂದೆ ನಡೆಯುತ್ತಾರೆ, ತೇರಿನ ಹಿಂದೆ ಹೋದ ಹಾಗೆ. ಮಿಲ್ಡ್‌ಮೇ, ಫಾರ್ಮೋಸಾ ಕಡೆ ಜರ್ಮನ್ ಮೂಲದ ಕ್ಯಾಥೊಲಿಕರು. ಲಕ್ನೋ, ಚೆಸ್ಲಿ ಸುತ್ತ ಆಮಿಶ್ ಕುಟುಂಬಗಳಿವೆ, ಹಳೇ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದವರು. ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಮಕ್ಕಳಿಗೆ ಅವರದೇ ಶಾಲೆ. ಸಂಜೆ ಹೊತ್ತು ರಸ್ತೆಯಲ್ಲಿ ಕಾರಿನ ವೇಗ ಕಮ್ಮಿ ಮಾಡಿ.

ಇವರೆಲ್ಲರಿಗಿಂತ ಮೊದಲಿನವರು ಸಾಗೀನ್ ಮತ್ತು ನವಾಶ್ ಜನ, ಇಲ್ಲಿನ ಮೂಲನಿವಾಸಿ ಆನಿಶಿನಾಬೆಗಳು. ಈ ನೆಲವೆಲ್ಲ ಅವರದು. 1836 ಮತ್ತು 1854ರ ಒಪ್ಪಂದಗಳಲ್ಲಿ ಬಹುಪಾಲು ಕೈಬಿಟ್ಟುಹೋಯಿತು. ಜಗಳ ಹಳೇದಾಗಿಲ್ಲ. ಸಾಬಲ್ ಬೀಚಿನ ಒಂದು ಭಾಗ ಸಾಗೀನ್ ಜನರದೇ ಎಂದು 2023ರಲ್ಲಿ ಕೋರ್ಟು ಹೇಳಿತು. ಊರಲ್ಲಿ ಇದರ ಬಗ್ಗೆ ಬಿಸಿ ಮಾತು ಕೇಳುತ್ತೀರಿ. ಹೊಸಬರು ಯಾರದೋ ಪಕ್ಷ ಹಿಡಿದು ಮಾತಾಡುವ ಮೊದಲು ಸ್ವಲ್ಪ ಓದಿಕೊಳ್ಳುವುದು ಒಳ್ಳೆಯದು. ಮಕ್ಕಳು ಶಾಲೆಯಲ್ಲಿ ಇದನ್ನು ನಮಗಿಂತ ಚೆನ್ನಾಗಿ ಕಲಿತು ಬರುತ್ತಾರೆ.

ಈಗ ಶಾಲೆ. ನಾನು ಆರು ವರ್ಷದಿಂದ ಇಲ್ಲಿನ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಒಳಗಿನಿಂದ ಗೊತ್ತು.

ಸರ್ಕಾರಿ ಶಾಲೆ ಅಂದ ಕೂಡಲೇ ನಮ್ಮೂರಿನ ಹಾಗೆ ಮೂಗು ಮುರಿಯಬೇಡಿ. ಇಲ್ಲಿ ಡಾಕ್ಟರ ಮಗ, ಹೈನುಗಾರರ ಮಗಳು, ರಿಯಾಕ್ಟರ್ ಎಂಜಿನಿಯರನ ಮಗು ಎಲ್ಲ ಒಂದೇ ಬೆಂಚಿನಲ್ಲಿ. ಫೀಸಿಲ್ಲ. ಬ್ರೂಸ್ ಮತ್ತು ಪಕ್ಕದ ಗ್ರೇ, ಎರಡೂ ಕೌಂಟಿಗೆ ಸೇರಿ ಬ್ಲೂವಾಟರ್ ಅನ್ನುವ ಶಾಲಾ ಮಂಡಳಿ ಇದೆ. ಕಚೇರಿ ಚೆಸ್ಲಿಯಲ್ಲಿ. ಇದಲ್ಲದೆ ಕ್ಯಾಥೊಲಿಕ್ ಮಂಡಳಿಯೂ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ. ಒಂಟಾರಿಯೊದಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಅದರ ಪ್ರಾಥಮಿಕ ಶಾಲೆಗೆ ಸಾಮಾನ್ಯವಾಗಿ ಕ್ಯಾಥೊಲಿಕ್ ಕುಟುಂಬ ಆಗಿರಬೇಕು. ಹೈಸ್ಕೂಲಿಗೆ ಯಾರು ಬೇಕಾದರೂ ಸೇರಬಹುದು.

ಯಾವ ಶಾಲೆ ಅನ್ನುವುದನ್ನು ನೀವು ಆರಿಸುವುದಿಲ್ಲ, ನಿಮ್ಮ ವಿಳಾಸ ಆರಿಸುತ್ತದೆ. ಅದಕ್ಕೇ ಹೇಳುವುದು, ಮನೆ ಮೆಚ್ಚುವ ಮೊದಲು ಆ ವಿಳಾಸ ಯಾವ ಶಾಲೆಗೆ ಬರುತ್ತದೆ, ಬಸ್ ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಅಂತ ಮಂಡಳಿಗೆ ಫೋನ್ ಮಾಡಿ ಕೇಳಿ. ಟೊಬರ್ಮೊರಿಯ ಉದಾಹರಣೆ ಕೊಡುತ್ತೇನೆ. ಅಲ್ಲಿ ಚಿಕ್ಕ ಪ್ರಾಥಮಿಕ ಶಾಲೆ ಇದೆ. ಹೈಸ್ಕೂಲಿಗೆ ವಯರ್ಟನ್‌ಗೆ ಹೋಗಬೇಕು, ಹೋಗಲು ಸುಮಾರು 75 ಕಿ.ಮೀ., ಬರಲು ಮತ್ತೆ ಅಷ್ಟೇ. ಆ ಮಕ್ಕಳು ಬಸ್ಸಿನಲ್ಲೇ ಅರ್ಧ ದೊಡ್ಡವರಾಗುತ್ತಾರೆ. ನಿಮಗೆ ಅಷ್ಟು ದೂರದ ಮಾತಿಲ್ಲ, ಪೋರ್ಟ್ ಎಲ್ಗಿನ್ ಮತ್ತು ಕಿಂಕಾರ್ಡಿನ್ ಎರಡರಲ್ಲೂ ಹೈಸ್ಕೂಲಿದೆ. ಕಿಂಕಾರ್ಡಿನ್‌ನಲ್ಲಿ 7ರಿಂದ 12ನೇ ತರಗತಿ ಒಂದೇ ಕಟ್ಟಡದಲ್ಲಿ.

ಮಗಳದು ಸುಲಭ. ಡಿಸೆಂಬರ್ 31ರೊಳಗೆ 4 ತುಂಬುವ ಮಗು ಆ ವರ್ಷ ಸೆಪ್ಟೆಂಬರಿಗೇ ಜೂನಿಯರ್ ಕಿಂಡರ್‌ಗಾರ್ಟನ್‌ಗೆ ಸೇರಬಹುದು. ಪೂರ್ತಿ ದಿನ. ಕಡ್ಡಾಯವಲ್ಲ, ಕಡ್ಡಾಯ ಆಗುವುದು 6ಕ್ಕೆ, ಆದರೂ ಎಲ್ಲರೂ ಕಳಿಸುತ್ತಾರೆ. ಅಕ್ಷರ ಬರೆಸುವುದಕ್ಕಿಂತ ಮಣ್ಣು, ನೀರು, ಆಟವೇ ಜಾಸ್ತಿ. "ಏನೂ ಕಲಿಸಲ್ಲ" ಅಂತ ನನ್ನ ಅತ್ತೆ ಫೋನಿನಲ್ಲಿ ಬೈಯುತ್ತಿದ್ದರು. ನಿಮ್ಮ ಕೆಲಸ ಒಂದೇ: ಹಿಮದ ಪ್ಯಾಂಟು, ಬೂಟು, ಕೈಗವಸು ತಾನೇ ಹಾಕಿಕೊಳ್ಳಲು ಈಗಿನಿಂದಲೇ ಅಭ್ಯಾಸ ಮಾಡಿಸಿ. ಇಪ್ಪತ್ತು ಮಕ್ಕಳಿಗೆ ಟೀಚರ್ ಜಿಪ್ ಹಾಕುತ್ತಾ ಕೂರಲು ಆಗಲ್ಲ ಅಲ್ವಾ.

ಮಗನ ಬಗ್ಗೆ ಮಾತ್ರ ಯೋಚಿಸಿ ಹೆಜ್ಜೆ ಇಡಿ. 8ನೇ ತರಗತಿ ಮುಗಿದು 9ಕ್ಕೆ ಹೋಗುವ ಹೊತ್ತು. ಹೈಸ್ಕೂಲ್ ಮುಗಿಸಲು 30 ಕ್ರೆಡಿಟ್ (ಕೋರ್ಸ್ ಪಾಸಾದಾಗ ಸಿಗುವ ಲೆಕ್ಕ), ಒಂದು ಓದು-ಬರಹದ ಪರೀಕ್ಷೆ, 40 ಗಂಟೆ ಸಮಾಜಸೇವೆ ಬೇಕು. 8 ಮುಗಿದ ಬೇಸಿಗೆಯಿಂದಲೇ ಆ ಗಂಟೆ ಲೆಕ್ಕಕ್ಕೆ ಬರುತ್ತದೆ. ಫಾಲ್ ಫೇರ್ ಅನ್ನುವ ಶರತ್ಕಾಲದ ಜಾತ್ರೆ, ಲೈಬ್ರರಿ, ಹಾಕಿ ಮೈದಾನ, ಎಲ್ಲಾದರೂ ಕಳಿಸಿ. ಗಂಟೆಗಿಂತ ಗೆಳೆಯರು ಸಿಗುತ್ತಾರೆ, ಅದೇ ಮುಖ್ಯ. ಇಲ್ಲಿನ ಮಕ್ಕಳು ಡಯಾಪರ್ ಕಾಲದಿಂದ ಒಟ್ಟಿಗಿರುವವರು. ಕೆಟ್ಟವರಲ್ಲ, ಆದರೆ ಗುಂಪು ಆಗಲೇ ಕಟ್ಟಿರುತ್ತದೆ. ನನ್ನ ಮಗಳಿಗೆ ಮೊದಲ ವರ್ಷ ಊಟದ ಡಬ್ಬಿ ತೆರೆಯಲು ನಾಚಿಕೆ. ಎರಡನೇ ವರ್ಷ ಅವಳ ಚಿತ್ರಾನ್ನಕ್ಕೆ ಪಾಲುದಾರರಾಗಿದ್ದರು. ಹಾಗಾಗಿ ಬರುವುದಾದರೆ ಅವನು 9 ಶುರು ಮಾಡುವ ಸೆಪ್ಟೆಂಬರಿಗೇ ಬನ್ನಿ, ನಡುವರ್ಷದಲ್ಲಿ ಬೇಡ. 9ರಲ್ಲಿ ಬೇರೆ ಬೇರೆ ಊರಿನ ಮಕ್ಕಳು ಒಟ್ಟಾಗುತ್ತಾರೆ, ಎಲ್ಲರೂ ಸ್ವಲ್ಪ ಹೊಸಬರೇ.

ಕೊರತೆಯನ್ನೂ ಹೇಳುತ್ತೇನೆ. ಚಿಕ್ಕ ಶಾಲೆಗಳಲ್ಲಿ ಎರಡು ತರಗತಿ ಸೇರಿಸಿ ಒಬ್ಬರೇ ಟೀಚರ್ ಇರುವುದು ಮಾಮೂಲು. ಬ್ರಾಂಪ್ಟನ್‌ನಲ್ಲಿ ಸಿಗುವಷ್ಟು ಬಗೆಯ ಹೈಸ್ಕೂಲ್ ವಿಷಯಗಳು ಇಲ್ಲಿ ಸಿಗಲ್ಲ. ಕೆಲವನ್ನು ಆನ್‌ಲೈನ್ ಮಾಡಬೇಕು. ಟ್ಯೂಷನ್ ಅಂಗಡಿಗಳ ಸಾಲು ಇಲ್ಲ. ಬದಲಿಗೆ ಕೋ-ಆಪ್ ಚೆನ್ನಾಗಿದೆ, ಅಂದರೆ ಗ್ಯಾರೇಜು, ಫಾರ್ಮು, ಆಸ್ಪತ್ರೆ ಎಲ್ಲಾದರೂ ಕೆಲಸ ಮಾಡಿ ಅದಕ್ಕೇ ಕ್ರೆಡಿಟ್. ಹಿಮ ಸುರಿದ ದಿನ ಬಸ್ ರದ್ದಾಗುವುದು ಬೇರೆ, ಶಾಲೆ ಮುಚ್ಚುವುದು ಬೇರೆ. ಬೆಳಿಗ್ಗೆ ಎರಡೂ ಸೂಚನೆ ಓದಿ. ಮನೆಯಲ್ಲಿ ಒಬ್ಬರಿಗಾದರೂ ರಜೆ ಸಿಗುವ ಕೆಲಸ ಇರಲಿ.

ನೀರಿನ ವಿಷಯ ಮರೆತಿದ್ದೆ. ನಮ್ಮ ಕೌಂಟಿ ಕೇಂದ್ರ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳಲ್ಲಿ ಊರ ನೀರಿಗೆ ಇ-ಕೊಲೈ ಬ್ಯಾಕ್ಟೀರಿಯಾ ಸೇರಿ 7 ಜನ ಸತ್ತರು, ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಆಮೇಲೆ ಒಂಟಾರಿಯೊದಲ್ಲಿ ಊರ ನೀರಿನ ನಿಯಮ ತುಂಬ ಬಿಗಿಯಾಯಿತು. ಆದರೆ ಸ್ವಂತ ಬಾವಿ ನಿಮ್ಮದೇ ಜವಾಬ್ದಾರಿ.

ಕನ್ನಡ ಕೇಳಬೇಕೆಂದರೆ ಮನೆಯಲ್ಲೇ ಮಾತಾಡಬೇಕು. ರಾಜ್ಯೋತ್ಸವಕ್ಕೆ ಟೊರೊಂಟೊ ಕಡೆ ಹೋಗುತ್ತೇವೆ, ಸೋನಾ ಮಸೂರಿ, ತೊಗರಿಬೇಳೆ ಅಲ್ಲಿಂದಲೇ ತುಂಬಿಕೊಂಡು ಬರುತ್ತೇವೆ.

ಕೊನೆಗೆ ಒಂದು ತುರ್ತು ಕೆಲಸ. ಇಬ್ಬರು ಮಕ್ಕಳ ಲಸಿಕೆ ಕಾರ್ಡು ತೆಗೆದು ನೋಡಿ. ಇಲ್ಲಿ ಶಾಲೆಗೆ ಮೆನಿಂಜೋಕಾಕಲ್ (ಮಿದುಳಿನ ಪೊರೆಯ ಸೋಂಕು ತಡೆಯುವ) ಲಸಿಕೆ ಕೇಳುತ್ತಾರೆ, 2010 ಮತ್ತು ಆಮೇಲೆ ಹುಟ್ಟಿದವರಿಗೆ ಚಿಕನ್‌ಪಾಕ್ಸ್‌ನದೂ ಬೇಕು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇವೆರಡೂ ಇಲ್ಲ, ಖಾಸಗಿ ಡಾಕ್ಟರ್ ಹತ್ತಿರ ಹಾಕಿಸಿದ್ದರೆ ಮಾತ್ರ ಇರುತ್ತದೆ. ಇಲ್ಲದಿದ್ದರೆ ಬ್ರಾಂಪ್ಟನ್‌ನಲ್ಲೇ ಮುಗಿಸಿಕೊಳ್ಳಿ. ಇಲ್ಲಿ ಮನೆ ಡಾಕ್ಟರ್ ಸಿಗಲು ಕಾಯಬೇಕು.