ಹೃದಯಾಘಾತವಾದವರಿಗೆ ಬಲೂನ್, ಇಂಪೆಲ್ಲಾ, ಎಕ್ಮೊ: ಇವುಗಳಲ್ಲಿ ಯಾವುದು ಒಳ್ಳೆಯದು?

ತಂದೆಯವರಿಗೆ ಹೃದಯಾಘಾತವಾಗಿ ರಕ್ತದೊತ್ತಡ ಮೇಲೇರುತ್ತಿಲ್ಲ, ಹೃದಯಕ್ಕೆ ಆಸರೆಯಾಗುವ ಈ ಮೂರರಲ್ಲಿ ಯಾವ ಯಂತ್ರಕ್ಕೆ ಒಪ್ಪಲಿ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹೊತ್ತು ನಾನು ಐಸಿಯು ಬಾಗಿಲಲ್ಲಿ ಎರಡು ರಾತ್ರಿ ಕುಳಿತಿದ್ದೆ. ಒಳಗಿದ್ದವನು ನನ್ನ ಅಣ್ಣ.

ಸ್ಟೆಂಟ್ ಹಾಕಿದ ಮೇಲೂ ಅವನ ಹೃದಯ ಚೇತರಿಸಿಕೊಳ್ಳಲಿಲ್ಲ. ಬಲ ತೊಡೆಯ ಸಂದಿಯಿಂದ ಇಂಪೆಲ್ಲಾ ಏರಿಸಿದರು. ಎಡ ಹೃತ್ಕುಕ್ಷಿಯ ರಕ್ತವನ್ನು ಎಳೆದು ಮಹಾಪಧಮನಿಗೆ ತಳ್ಳುವ ಸಣ್ಣ ಪಂಪ್ ಅದು. ರಕ್ತದೊತ್ತಡ ಏರಿತು. ನಾನು ಪರದೆಯ ಅಂಕಿಗಳಿಗೇ ಅಂಟಿಕೊಂಡೆ.

ಮರುದಿನ ಬೆಳಿಗ್ಗೆ ಅವನ ಬಲ ಪಾದ ಮುಟ್ಟಿದೆ. ತಣ್ಣಗಿತ್ತು. ಎಡ ಪಾದ ಬೆಚ್ಚಗಿತ್ತು. ಎರಡನ್ನೂ ನಾನೇ ನನ್ನ ಕೈಯಾರೆ ಮುಟ್ಟಿದ್ದೆ. ಎ.ಸಿ. ಗಾಳಿ ಆ ಬದಿಗೆ ಬೀಸುತ್ತಿದೆ ಎಂದುಕೊಂಡು ಹೊದಿಕೆ ಎಳೆದು, ಅಂಚನ್ನು ಹಿಮ್ಮಡಿಯ ಕೆಳಗೆ ಸಿಕ್ಕಿಸಿ ಬಂದೆ. ನರ್ಸ್ ಎರಡು ಹೆಜ್ಜೆ ದೂರದಲ್ಲಿದ್ದರು. ಇಷ್ಟು ಸಣ್ಣ ವಿಷಯಕ್ಕೆ ಅವರನ್ನು ಕರೆಯುವುದೇ ಎಂದು ಸಂಕೋಚಪಟ್ಟೆ. ಮತ್ತಿನ ಔಷಧದಲ್ಲಿದ್ದ ಅಣ್ಣನಿಗೆ ನೋವು ಎನ್ನಲೂ ಬಾಯಿರಲಿಲ್ಲ. ಅವನ ಪರವಾಗಿ ಹೇಳಬೇಕಿದ್ದವನು ನಾನು. ಹೇಳುವ ಬದಲು ಮುಚ್ಚಿಟ್ಟೆ. ಸಂಜೆ ಹೊದಿಕೆ ಸರಿಸಿದಾಗ ಬೆರಳುಗಳು ನೀಲಿಗಟ್ಟಿದ್ದವು. ಪಂಪಿನ ಕೊಳವೆ ಕಾಲಿಗೆ ಹೋಗುವ ರಕ್ತವನ್ನು ತಡೆದಿತ್ತು. ಅಣ್ಣ ಉಳಿದ, ಮೊಣಕಾಲಿನ ಕೆಳಗಿನ ಕಾಲು ಉಳಿಯಲಿಲ್ಲ.

ಆದ್ದರಿಂದ ಯಾವ ಯಂತ್ರ ಎಂಬಲ್ಲಿಂದ ಶುರು ಮಾಡುವುದೇ ತಪ್ಪು ಎನ್ನುತ್ತೇನೆ. ಹೃದಯದ ಮುಚ್ಚಿದ ರಕ್ತನಾಳ ತೆರೆದಿದೆಯೇ ಎಂದು ಮೊದಲು ಕೇಳಿ. ಹೃದಯವನ್ನು ಉಳಿಸುವುದು ಅದು. ಯಂತ್ರ ಕೊಡುವುದು ಕಾಲಾವಕಾಶ ಮಾತ್ರ. ಮಹಾಪಧಮನಿಯೊಳಗೆ ಹೃದಯ ಬಡಿತಕ್ಕೆ ತಕ್ಕಂತೆ ಉಬ್ಬಿ ಕುಗ್ಗುವ ಬಲೂನ್ ಎಲ್ಲರಿಗೂ ಹಾಕುವಂಥದ್ದಲ್ಲ: 2012ರಲ್ಲಿ 600 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಅದು ಸಾವನ್ನು ಕಡಿಮೆ ಮಾಡಲಿಲ್ಲ. ರಕ್ತವನ್ನು ಹೊರಗೆ ತಂದು ಆಮ್ಲಜನಕ ಬೆರೆಸಿ ದೇಹಕ್ಕೆ ಮರಳಿಸುವ ಎಕ್ಮೊವನ್ನು ಎಲ್ಲರಿಗೂ ಬೇಗನೆ ಹಾಕಿದರೂ ಲಾಭವಿಲ್ಲ, ರಕ್ತಸ್ರಾವವೂ ಹೆಚ್ಚು ಎಂದು 2023ರಲ್ಲಿ ತಿಳಿಯಿತು. 2024ರಲ್ಲಿ ಪ್ರಕಟವಾದ ಡೇಂಜರ್ ಶಾಕ್ ಅಧ್ಯಯನದಲ್ಲಿ ಇಂಪೆಲ್ಲಾ ಪಡೆದವರಲ್ಲಿ ಆರು ತಿಂಗಳೊಳಗೆ ನೂರಕ್ಕೆ ಸುಮಾರು 46 ಮಂದಿ ತೀರಿಕೊಂಡರೆ, ಪಡೆಯದವರಲ್ಲಿ 59. ಆದರೆ ಅದು ದೊಡ್ಡ ಹೃದಯಾಘಾತದಿಂದ ರಕ್ತದೊತ್ತಡ ಕುಸಿದು ಆಘಾತ ಸ್ಥಿತಿಗೆ (ಶಾಕ್) ಹೋದ, ಆರಿಸಿದ ರೋಗಿಗಳ ಲೆಕ್ಕ. ಹೃದಯ ನಿಂತು ಪ್ರಜ್ಞೆ ಮರಳದವರು ಅದರಲ್ಲಿರಲಿಲ್ಲ. ಅಲ್ಲಿಯೂ ಪಂಪ್ ಪಡೆದವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಕಾಲಿನ ರಕ್ತಸಂಚಾರ ಕುಗ್ಗಿತು, ಪಡೆಯದವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ.

ನಿಮ್ಮ ತಂದೆಗೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರೇ ಹೇಳಬೇಕು. ಯಂತ್ರವನ್ನು ಯಾವಾಗ ತೆಗೆಯುತ್ತಾರೆ, ಹೃದಯ ಚೇತರಿಸದಿದ್ದರೆ ಮುಂದೇನು ಎಂದು ಸಹಿ ಹಾಕುವ ಮೊದಲೇ ಕೇಳಿ. ಒಳಗೆ ಬಿಟ್ಟಾಗ ಪರದೆಯತ್ತ ನೋಡುವ ಮುನ್ನ ಹೊದಿಕೆ ಸರಿಸಿ ಎರಡೂ ಪಾದಗಳನ್ನು ಮುಟ್ಟಿ. ಒಂದು ತಣ್ಣಗಿದ್ದರೆ ಅಲ್ಲಿಂದಲೇ ನರ್ಸ್ ಅವರನ್ನು ಕೂಗಿ ಕರೆಯಿರಿ.