ಜತಿಸ್ವರದಲ್ಲಿ ಮರೆತ ಹೆಜ್ಜೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಕೋಲಾರದ 17 ವರ್ಷದ ಪಿಯುಸಿ ವಿದ್ಯಾರ್ಥಿನಿ. ಭರತನಾಟ್ಯದ ಸೀನಿಯರ್ ಪರೀಕ್ಷೆ ಮುಗಿಸಿ ರಂಗಪ್ರವೇಶಕ್ಕೆ ಸಿದ್ಧಳಾಗುತ್ತಿದ್ದಳು. ನವರಾತ್ರಿಯ ಕಾರ್ಯಕ್ರಮವೊಂದರಲ್ಲಿ ಜತಿಸ್ವರದ (ಸ್ವರಗಳಿಗೆ ಮಾಡುವ ಶುದ್ಧ ನೃತ್ತದ) ಮೂರನೆಯ ಕೋರ್ವೆಯಲ್ಲಿ, ಅಂದರೆ ಹೆಜ್ಜೆಗಳ ಜೋಡಣೆಯಲ್ಲಿ, ಮುಂದಿನದನ್ನು ಮರೆತು ನಿಂತುಬಿಟ್ಟಳು. ಅಂದಿನಿಂದ ಗೆಜ್ಜೆ ಕಟ್ಟಿಲ್ಲ, ತರಗತಿಯ ಹೊತ್ತಾದರೆ ಹೊಟ್ಟೆನೋವು ಎನ್ನುತ್ತಾಳೆ ಎಂದು ತಾಯಿ ಕರೆತಂದರು. ಊಟ, ನಿದ್ದೆ, ಓದು ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಮೊದಲು ಮನೋವೈದ್ಯರ ಬಳಿಗೆ ಕಳುಹಿಸುತ್ತಿದ್ದೆ.

"ನನಗೆ ಏಕಾಗ್ರತೆಯೇ ಇಲ್ಲ ಮೇಡಂ" ಎಂಬುದು ಆಕೆಯ ತೀರ್ಮಾನವಾಗಿತ್ತು. ಮೇಲ್ನೋಟಕ್ಕೆ ಇದು ತಪ್ಪನ್ನು ಒಪ್ಪಿಕೊಂಡ ಮಾತಿನಂತೆ ಕೇಳಿಸುತ್ತದೆ. ಆದರೆ ಯಾವ ಅಡವಿನಲ್ಲಿ (ನೃತ್ಯದ ಮೂಲ ಹೆಜ್ಜೆಯಲ್ಲಿ) ತಪ್ಪಿತು, ಏಕೆ ತಪ್ಪಿತು ಎಂಬುದನ್ನು ಹೇಳದೆ ತನ್ನನ್ನೇ ಒಟ್ಟಾರೆಯಾಗಿ ದೂರಿಕೊಳ್ಳುವ ಇಂಥ ಮಾತಿನಿಂದ ತಿದ್ದಿಕೊಳ್ಳುವುದಕ್ಕೆ ಏನೂ ಸಿಗುವುದಿಲ್ಲ. ಹೀಗಾಗಿ ತಂದೆಯ ಮೊಬೈಲಿನಲ್ಲಿದ್ದ ವಿಡಿಯೊವನ್ನು ಇಬ್ಬರೂ ಕೂಡಿ ನೋಡಿದೆವು. ಎರಡನೆಯ ಮತ್ತು ಮೂರನೆಯ ಕೋರ್ವೆಗಳೆರಡೂ ಬಲಗಡೆಯ ಒಂದೇ ನಾಟಡವಿನಿಂದ (ಕಾಲು ಚಾಚಿ ಹಿಮ್ಮಡಿ ಊರುವ ಅಡವಿನಿಂದ) ಆರಂಭವಾಗಿ ಆಮೇಲೆ ಬೇರೆಯಾಗುತ್ತವೆ ಎಂದು ಆಕೆಯೇ ಬಿಡಿಸಿ ತೋರಿಸಿದಳು. ಮೂರನೆಯದು ಬರಬೇಕಾದಲ್ಲಿ ಕಾಲು ಎರಡನೆಯದರ ದಾರಿ ಹಿಡಿದಿತ್ತು. ಒಂದೇ ರೀತಿ ಶುರುವಾಗುವ ಎರಡು ಚಲನೆಗಳಲ್ಲಿ ಹೆಚ್ಚು ರೂಢಿಯಾದದ್ದು ಮುಂದೆ ಬರುವುದು ನೆನಪಿನ ಸಹಜ ರೀತಿ. ಅದನ್ನು ಅಜಾಗರೂಕತೆ ಎನ್ನಲಾಗದು. ಜತಿಸ್ವರಕ್ಕೆ ಸಾಹಿತ್ಯವಿಲ್ಲದ ಕಾರಣ ಮುಂದಿನದನ್ನು ನೆನಪಿಸಲು ಮಾತಿನ ಆಸರೆಯೂ ಇರುವುದಿಲ್ಲ. ಮೇಲಾಗಿ ಆಕೆ ಅಭ್ಯಾಸವನ್ನು ಯಾವಾಗಲೂ ಮೊದಲಿನಿಂದಲೇ ಮಾಡುತ್ತಿದ್ದಳಾದ್ದರಿಂದ, ಕೊಂಡಿ ಒಮ್ಮೆ ಕಳಚಿದ ಮೇಲೆ ನಡುವಿನಿಂದ ಸೇರಿಕೊಳ್ಳುವ ದಾರಿ ಅವಳಿಗೆ ಗೊತ್ತಿರಲಿಲ್ಲ.

ಆ ವಿಡಿಯೊದಲ್ಲಿ ಇನ್ನೊಂದು ಸಂಗತಿಯಿತ್ತು. ತಪ್ಪಿದ ಅಡವು ನನಗೆ ಕಾಣಿಸಲೇ ಇಲ್ಲ. ಕಾಣಿಸಿದ್ದು ಆಕೆ ನಾಲಿಗೆ ಕಚ್ಚಿಕೊಂಡದ್ದು, ಅರಮಂಡಿ (ಮಂಡಿ ಬಾಗಿಸಿದ ನಿಲುವು) ಬಿಟ್ಟು ನೆಟ್ಟಗೆ ನಿಂತದ್ದು, ತಾಳ ಹಾಕಿ ನೃತ್ಯ ನಡೆಸುವ ನಟುವಾಂಗದವರ ಕಡೆ ತಿರುಗಿದ್ದು. ಸಭಿಕರಿಗೆ ಗೊತ್ತಾದದ್ದು ತಪ್ಪಲ್ಲ, ತಪ್ಪಿನ ನಂತರ ಆದದ್ದು ಎಂದು ಹೇಳಿದಾಗ ಆಕೆ ಆ ಭಾಗವನ್ನು ಮತ್ತೊಮ್ಮೆ ನೋಡಿ, "ಹೌದಲ್ಲ" ಎಂದಳು.

ಆಕೆಯ ಒಪ್ಪಿಗೆ ಪಡೆದು ಗುರುಗಳೊಂದಿಗೆ ಮಾತನಾಡಿದೆ. ಅಡವಿನ ವಿಷಯ ಅವರದು, ನನ್ನದಲ್ಲ. ನಾನು ಕೇಳಿಕೊಂಡದ್ದು ಅಭ್ಯಾಸದ ಕ್ರಮವನ್ನು ಬದಲಿಸಬಹುದೇ ಎಂದು ಮಾತ್ರ. ಗುರುಗಳು ಯಾವುದಾದರೂ ಒಂದು ಕೋರ್ವೆಯ ಸ್ವರವನ್ನು ಹಾಡುವುದು, ಆಕೆ ಅಲ್ಲಿಂದಲೇ ಹಿಡಿಯುವುದು ಎಂದು ಗೊತ್ತುಮಾಡಿಕೊಂಡೆವು. ಕೋರ್ವೆಗಳು ಬೇರೆಯಾಗುವ ಕಡೆಯಲ್ಲಿ ಮುಂದಿನ ಅಡವಿನ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಇವೆರಡಕ್ಕಿಂತ ನಾನು ಒತ್ತಿ ಹೇಳಿದ್ದು ಚೇತರಿಸಿಕೊಳ್ಳುವುದನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕೆಂಬುದನ್ನು. ಗುರುಗಳು ನಡುವೆ ಬೇಕೆಂದೇ ಗೊಂದಲ ಮಾಡಬೇಕು. ಆಕೆ ಅರಮಂಡಿ ಬಿಡದೆ, ಮುಖದಲ್ಲಿ ಏನನ್ನೂ ತೋರಿಸದೆ, ಆದಿತಾಳದ 8 ಅಕ್ಷರಗಳನ್ನು (ಎಣಿಕೆಗಳನ್ನು) ಪಾದ ತಟ್ಟುವ ಸರಳ ತಟ್ಟಡವಿನಲ್ಲಿ ಹಿಡಿದುಕೊಂಡು, ಮತ್ತೆ ಮತ್ತೆ ಬರುವ ಪಲ್ಲವಿ ಮರಳುವವರೆಗೆ ಕಾಯಬೇಕು. ವೇದಿಕೆಯ ಮೇಲೆ ಹೊಸದಾಗಿ ಹೊಳೆಯಬೇಕಾದ ಉಪಾಯ ಭಯದಲ್ಲಿ ಹೊಳೆಯುವುದಿಲ್ಲ. ಕಾಲಿಗೆ ಮೊದಲೇ ರೂಢಿಯಾಗಿದ್ದರೆ ತಾನಾಗಿ ಬರುತ್ತದೆ.

ತಾಯಿಯೊಂದಿಗೆ ಬೇರೆಯಾಗಿ ಕುಳಿತೆ. ಅಂದು ಜಡೆಯ ಹೂವು ಬಿಚ್ಚುವಾಗಲೇ "ಅಲ್ಲಿ ಯಾಕೆ ನಿಂತುಬಿಟ್ಟೆ?" ಎಂದು ಕೇಳಿದ್ದರಂತೆ. ಕಾಳಜಿಯಿಂದ ಕೇಳಿದ ಪ್ರಶ್ನೆಯೇ ಅದು, ಆದರೆ ಆ ಹೊತ್ತಿನಲ್ಲಿ ಮಗಳು ಉತ್ತರ ಹುಡುಕುವ ಸ್ಥಿತಿಯಲ್ಲಿರುವುದಿಲ್ಲ. ಕಾರ್ಯಕ್ರಮದ ರಾತ್ರಿ ಊಟ ಬಡಿಸಿ ಮಲಗಲು ಬಿಡಿ, ಮಾತು ಮರುದಿನಕ್ಕಿರಲಿ ಎಂದೆ. ಮರುದಿನ ಆಕೆ ಎಲ್ಲಿ ತಪ್ಪಿತು, ಏಕೆ ಇರಬಹುದು, ಏನು ಅಭ್ಯಾಸ ಬೇಕು ಎಂಬಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಗುರುಗಳಿಗೆ ತೋರಿಸಬೇಕು. ವಿಡಿಯೊವನ್ನು ರಾತ್ರಿಯೆಲ್ಲ ಒಬ್ಬಳೇ ಹಿಂದೆಮುಂದೆ ಮಾಡಿ ನೋಡುವುದನ್ನು ನಿಲ್ಲಿಸುವಂತೆ ಹೇಳಿದೆ. ಅದು ಗಾಯವನ್ನು ಕೆದಕುತ್ತದೆ, ತಿದ್ದುವುದಿಲ್ಲ.

ಕೆಲವು ವಾರಗಳ ನಂತರ ಆಕೆ ಚಿಕ್ಕ ಸಮಾರಂಭವೊಂದರಲ್ಲಿ ಆರಂಭದ ನೃತ್ಯವಾದ ಅಲರಿಪು ಮತ್ತು ಅದೇ ಜತಿಸ್ವರವನ್ನು ಮಾಡಿದಳು. ನಾಲ್ಕನೆಯ ಕೋರ್ವೆಯಲ್ಲಿ ಮತ್ತೆ ತಪ್ಪಿತು. ಈ ಸಲ ತಾಳ ಬಿಡದೆ ಪಲ್ಲವಿಗೆ ಸೇರಿಕೊಂಡು ಮುಗಿಸಿದಳು. ತಾಯಿಗೆ ಅದು ಗೊತ್ತಾದದ್ದು ಮರುದಿನ ಪುಸ್ತಕ ಓದಿದಾಗ. ರಂಗಪ್ರವೇಶದ ತಿಂಗಳನ್ನು ಗುರುಗಳೂ ಮಗಳೂ ಕೂಡಿ ಗೊತ್ತುಮಾಡಲಿ ಎಂಬುದಕ್ಕೆ ಮನೆಯವರು ಒಪ್ಪಿದ್ದಾರೆ; ಅಲ್ಲಿಯವರೆಗೆ ಸಭಾಂಗಣಕ್ಕೆ ಮುಂಗಡ ಕೊಡುವುದಿಲ್ಲ ಎಂದಿದ್ದಾರೆ.