ಒಂದು ಬಿಲ್ಲೂ ಹಾಕದ ಕಂಪನಿ, ಆದರೂ ರಿಟರ್ನ್ ಬಾಕಿ

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ: 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದಿರಿ. ಒಂದು ದಿನವೂ ವ್ಯಾಪಾರ ನಡೆಯಲಿಲ್ಲ. 2025ರ ಜುಲೈನಲ್ಲಿ ಆರ್‌ಒಸಿಯವರೇ (ಕಂಪನಿಗಳ ರಿಜಿಸ್ಟ್ರಾರ್) ತಮ್ಮ ಪಟ್ಟಿಯಿಂದ ಕಂಪನಿಯ ಹೆಸರು ತೆಗೆದುಹಾಕಿದರು. ಈಗ ಆದಾಯ ತೆರಿಗೆ ಇಲಾಖೆಯಿಂದ ರಿಟರ್ನ್ ಹಾಕಿಲ್ಲ ಅಂತ ಮೆಸೇಜ್ ಬಂದಿದೆ. ಇಲ್ಲದ ಕಂಪನಿಗೆ ಎಂಥ ರಿಟರ್ನ್ ಅಂತ ಕೇಳಿದ್ದೀರಿ.

ಕಂಪನಿ ಇದ್ದಷ್ಟು ದಿನದ್ದು ಹಾಕಬೇಕಿತ್ತು. ನಾನು ಸಿಎ ಅಲ್ಲ, ಆದರೆ ಇದೇ ಹೊಂಡಕ್ಕೆ ಬಿದ್ದು ಎದ್ದವನು. 2017ರಲ್ಲಿ ನಾನೂ ಗೆಳೆಯನೂ ಸೇರಿ ಗಾಣದ ಕೊಬ್ಬರಿ ಎಣ್ಣೆ ಮಾರೋಣ ಅಂತ ಕಂಪನಿ ಮಾಡಿದ್ದೆವು. ಲೋಗೋ ಆಯಿತು, ಲೆಟರ್‌ಹೆಡ್ ಆಯಿತು, ಎಣ್ಣೆ ಮಾತ್ರ ಬರಲಿಲ್ಲ.

ವ್ಯಕ್ತಿಗಳಿಗೆ ಆದಾಯ ಇಂತಿಷ್ಟು ದಾಟಿದರೆ ರಿಟರ್ನ್ ಅನ್ನೋ ಮಿತಿ ಇದೆ ಅಲ್ವಾ, ಕಂಪನಿಗೆ ಅದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 139(1) ಪ್ರಕಾರ ಲಾಭ ಇರಲಿ, ನಷ್ಟ ಇರಲಿ, ಸೊನ್ನೆ ಇರಲಿ, ಪ್ರತಿ ವರ್ಷ ಐಟಿಆರ್-6 (ಕಂಪನಿಗಳ ರಿಟರ್ನ್ ಫಾರಂ) ಹಾಕಲೇಬೇಕು. ಇನ್‌ಕಾರ್ಪೊರೇಷನ್ ಸರ್ಟಿಫಿಕೇಟಿನ ದಿನದಿಂದಲೇ ಲೆಕ್ಕ ಶುರು, ಮೊದಲ ಬಿಲ್ ಹಾಕಿದ ದಿನದಿಂದಲ್ಲ. ಮುಗಿಯುವುದು ಕಂಪನಿ ವಿಸರ್ಜನೆ ಆಯಿತು ಅಂತ ಆರ್‌ಒಸಿ ಎಸ್‌ಟಿಕೆ-7 ನೋಟಿಸು ಹೊರಡಿಸಿದ ದಿನಕ್ಕೆ. ಮೊದಲು ಆ ನೋಟಿಸು ಹುಡುಕಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಉತ್ತರಕ್ಕೂ ಅದೇ ಬೇಕು.

ಹೆಸರು ತೆಗೆದ ಮೇಲೆ ತೆರಿಗೆಯವರು ಕೇಳುವ ಹಾಗಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಂಪನಿ ಕಾಯ್ದೆಯ 250ನೇ ಸೆಕ್ಷನ್‌ನಲ್ಲೇ ಇದೆ: ಬರಬೇಕಾದ್ದನ್ನು ವಸೂಲಿ ಮಾಡೋಕೆ, ಕೊಡಬೇಕಾದ್ದನ್ನು ತೀರಿಸೋಕೆ ಮಾತ್ರ ಕಂಪನಿಗೆ ಜೀವ ಉಳಿದಿರುತ್ತದೆ. 248(7) ಪ್ರಕಾರ ಡೈರೆಕ್ಟರುಗಳ ಹೊಣೆಯೂ ಮುಂದುವರಿಯುತ್ತದೆ. 2019ರಲ್ಲಿ ಗೋಪಾಲ್ ಶ್ರೀ ಸ್ಕ್ರಿಪ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೆಸರು ತೆಗೆದ ಮಾತ್ರಕ್ಕೆ ಇಲಾಖೆಯ ಮೇಲ್ಮನವಿ ಬಿದ್ದುಹೋಗುವುದಿಲ್ಲ ಎಂದಿತು.

ಇನ್ನು ಈ "ಸೊನ್ನೆ" ವಿಷಯ. ನಾವೂ ಸೊನ್ನೆ ಅಂತಲೇ ಅಂದುಕೊಂಡಿದ್ದೆವು. ಸಿಎ ಆಫೀಸಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಬಿಚ್ಚಿದರೆ ಮೂರು ತಿಂಗಳಿಗೊಮ್ಮೆ 1,500 ರೂಪಾಯಿ ಜಮಾ ಆಗಿದೆ. ಷೇರು ಬಂಡವಾಳದ 1 ಲಕ್ಷವನ್ನು ಗೆಳೆಯ ಸುಮ್ನೆ ಬಿದ್ದಿರೋದು ಬೇಡ ಅಂತ ಎಫ್‌ಡಿ ಮಾಡಿಬಿಟ್ಟಿದ್ದ! ಟಿಡಿಎಸ್ ಮಿತಿಯೊಳಗೇ ಇದ್ದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ವ್ಯಾಪಾರ ಶುರುವಾಗುವ ಮೊದಲು ಬಂದ ಇಂಥ ಬಡ್ಡಿ "ಇತರ ಮೂಲಗಳ ಆದಾಯ" ಅಂತ 1997ರಲ್ಲೇ ಟುಟಿಕೋರಿನ್ ಆಲ್ಕಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವರ್ಷಕ್ಕೆ 6,000 ಬಡ್ಡಿ, ಶೇ 25 ತೆರಿಗೆ, ಮೇಲೆ ಸೆಸ್, ಒಟ್ಟು 1,560 ರೂಪಾಯಿ. ಮೊತ್ತ ಚಿಕ್ಕದು, ಆದರೆ ಸೊನ್ನೆ ಅಂತ ಬರೆದು ಸಹಿ ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು. ಹಾಗಾಗಿ ನೀವೂ ಸ್ಟೇಟ್‌ಮೆಂಟಿನ ಒಂದೊಂದು ಸಾಲನ್ನೂ ನೋಡಿ.

ಈಗ ನಿಮ್ಮ ವರ್ಷಗಳು. ಹೆಸರು ಹೋದದ್ದು 2025ರ ಜುಲೈನಲ್ಲಿ. ಅಂದರೆ 2025ರ ಏಪ್ರಿಲ್ 1ರಿಂದ ಎಸ್‌ಟಿಕೆ-7 ದಿನದವರೆಗಿನ ತುಂಡು ವರ್ಷಕ್ಕೆ ಒಂದು ರಿಟರ್ನ್ ಬಾಕಿ. ಅದಕ್ಕೆ 2026ರ ಅಕ್ಟೋಬರ್ 31ರವರೆಗೆ ಸಮಯ ಇದೆ. ತಪ್ಪಿದರೆ ಡಿಸೆಂಬರ್ 31ರೊಳಗೆ ತಡದ ಶುಲ್ಕ ಕಟ್ಟಿ ಹಾಕಬಹುದು. ಆದಾಯ 5 ಲಕ್ಷದೊಳಗಿದ್ದರೆ ಶುಲ್ಕ 1,000 ರೂಪಾಯಿ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದರೂ ಈ ವರ್ಷಗಳಿಗೆಲ್ಲ ಹಳೆಯ 1961ರದ್ದೇ.

ಹಿಂದಿನ ಮೂರು ವರ್ಷಗಳದ್ದೇ ತಲೆನೋವು. ತಡದ ರಿಟರ್ನಿನ ಗಡುವೂ ಮುಗಿದಿದೆ. ಅಪ್‌ಡೇಟೆಡ್ ರಿಟರ್ನ್ ಅಂತ ಒಂದಿದೆ, ನಾಲ್ಕು ವರ್ಷದವರೆಗೆ ಹಾಕಬಹುದು, ಆದರೆ ಅದಕ್ಕೆ ತೆರಿಗೆ ಕಟ್ಟುವಂತಿರಬೇಕು. ನಿಲ್ ರಿಟರ್ನೋ ನಷ್ಟದ ರಿಟರ್ನೋ ಅದರಲ್ಲಿ ಹೋಗುವುದಿಲ್ಲ. ತಮಾಷೆ ನೋಡಿ, ಎಫ್‌ಡಿ ಬಡ್ಡಿ ಮುಚ್ಚಿಟ್ಟವನಿಗೆ ಬಾಗಿಲು ತೆರೆದಿದೆ, ನಿಜವಾಗಿ ಸೊನ್ನೆ ಇರುವವನಿಗೆ ಇಲ್ಲ. ಸೊನ್ನೆಯಾದರೆ ಆ ಮೆಸೇಜಿಗೆ ಪೋರ್ಟಲಿನಲ್ಲೇ ಉತ್ತರ ಕೊಡಿ. ವ್ಯವಹಾರ ಇರಲಿಲ್ಲ, ಕಂಪನಿ ವಿಸರ್ಜನೆ ಆಗಿದೆ ಅಂತ ಬರೆದು ಎಸ್‌ಟಿಕೆ-7 ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ರಿಟರ್ನ್ ಹಾಕಿ ಅಂತ ಕೇಳುವ 142(1) ನೋಟಿಸು ಬಂದರೆ ಹೆದರಬೇಡಿ, ಅದು ಕೊಟ್ಟ ಅವಧಿಯಲ್ಲಿ ಆ ವರ್ಷದ ರಿಟರ್ನ್ ಹಾಕಲು ಅವಕಾಶ ಸಿಗುತ್ತದೆ.

ಉತ್ತರ ಕೊಡದೆ ಮಾತ್ರ ಇರಬೇಡಿ. ಬಾಕಿ ತೆರಿಗೆ ಸಣ್ಣದಿದ್ದರೆ ರಿಟರ್ನ್ ಹಾಕದ್ದಕ್ಕೆ ಕ್ರಿಮಿನಲ್ ಕೇಸು ಇಲ್ಲ ಅನ್ನೋ ವಿನಾಯಿತಿಯನ್ನು 2018ರಲ್ಲಿ ಕಂಪನಿಗಳಿಗೆ ತೆಗೆದುಹಾಕಿದರು. ಬೇಕುಬೇಕೆಂದೇ ಹಾಕಿಲ್ಲ ಅನ್ನೋದು ಸಾಬೀತಾಗಬೇಕು, ನಿಜ. ಆದರೆ ಮೂರು ಮೆಸೇಜಿಗೂ ಸುಮ್ಮನಿದ್ದವರು ಅದಕ್ಕೆ ತಾವೇ ಸಾಕ್ಷಿ ಒದಗಿಸಿದ ಹಾಗೆ.

ಜಿಎಸ್‌ಟಿ ನಂಬರ್ ತೆಗೆದುಕೊಂಡಿದ್ದರೆ ಅದರ ನಿಲ್ ರಿಟರ್ನುಗಳು ಬೇರೆ, ನಂಬರ್ ರದ್ದಾದ ಮೇಲೆ ಜಿಎಸ್‌ಟಿಆರ್-10 ಅನ್ನೋ ಕೊನೆಯ ರಿಟರ್ನ್ ಬೇರೆ. ಕರ್ನಾಟಕದ ವೃತ್ತಿ ತೆರಿಗೆಗೆ ಹೆಸರು ನೋಂದಣಿ ಆಗಿದೆಯಾ ಅಂತಲೂ ನೋಡಿ, ಕಂಪನಿಗೆ ಅದು ವರ್ಷಕ್ಕೆ 2,500. ಸತತ ಮೂರು ವರ್ಷ ಆರ್‌ಒಸಿಗೆ ಎಒಸಿ-4 (ಲೆಕ್ಕಪತ್ರ), ಎಂಜಿಟಿ-7 (ವಾರ್ಷಿಕ ರಿಟರ್ನ್) ಹಾಕದ ಕಂಪನಿಯ ಡೈರೆಕ್ಟರುಗಳು ಐದು ವರ್ಷ ಅನರ್ಹರಾಗುತ್ತಾರೆ, ಹಾಗಾಗಿ ನಿಮ್ಮ ಡಿಐಎನ್ (ಡೈರೆಕ್ಟರ್ ಗುರುತಿನ ಸಂಖ್ಯೆ) ಸ್ಥಿತಿಯನ್ನೂ ಇವತ್ತೇ ನೋಡಿಕೊಳ್ಳಿ.

ಕೊನೆಗೊಂದು, ಯಾರೂ ಮುಂಚೆ ಹೇಳದ್ದು. ಕಂಪನಿಯ ರಿಟರ್ನಿಗೆ ಡೈರೆಕ್ಟರಿನ ಡಿಜಿಟಲ್ ಸಹಿ ಬೇಕು, ಓಟಿಪಿ ನಡೆಯುವುದಿಲ್ಲ. 2021ರಲ್ಲಿ ನಾವು 10,000 ಕಟ್ಟಿ ಎಸ್‌ಟಿಕೆ-2 (ಹೆಸರು ತೆಗೆಯಿರಿ ಅನ್ನೋ ಅರ್ಜಿ) ಹಾಕಿ ಕಂಪನಿ ಮುಚ್ಚಿದೆವು. ಕೊನೆಯ ರಿಟರ್ನಿಗೆ ಸಹಿ ಹಾಕಲು ಡ್ರಾಯರಿನಿಂದ ಆ ಡಿಜಿಟಲ್ ಸಹಿಯ ನೀಲಿ ಯುಎಸ್‌ಬಿ ಟೋಕನ್ ತೆಗೆದು ಕಂಪ್ಯೂಟರಿಗೆ ಚುಚ್ಚಿದರೆ ಅವಧಿ ಮುಗಿದು ತಿಂಗಳಾಗಿತ್ತು. ಹೊಸದಕ್ಕೆ ವಿಡಿಯೋದಲ್ಲಿ ಪ್ಯಾನ್ ಕಾರ್ಡ್ ಹಿಡಿದು ಹೆಸರು ಹೇಳಬೇಕಾಯಿತು. ಮುಚ್ಚಿಹೋದ ಕಂಪನಿಗಾಗಿ. ಆ ರಿಟರ್ನ್ ಪ್ರೊಸೆಸ್ ಆದ ಮೇಲೆಯೇ ಕಂಪನಿಯ ಪ್ಯಾನ್ ವಾಪಸ್ ಮಾಡಲು ಅರ್ಜಿ ಕೊಟ್ಟೆವು. ಮೊದಲೇ ಕೊಟ್ಟುಬಿಡಬೇಡಿ, ಪೋರ್ಟಲಿಗೆ ಲಾಗಿನ್ ಆಗೋದು ಅದೇ ಪ್ಯಾನ್‌ನಿಂದ.